ಖಾಲಿ ಹಗೇವಿನ ಗಾಳಿ

ಈ ಶ್ರಾವಣದಲ್ಲಿ ನಮ್ಮ ಮನೆಯ ಚಾವಣಿ ಸೋರಿ, ಮೂಲೆಯಲ್ಲಿಟ್ಟಿದ್ದ ಜೋಳದ ಚೀಲ ತೊಯ್ದಿತ್ತು. ಗೊತ್ತಾಗಿದ್ದು ಎಂಟು ದಿನದ ಮೇಲೆ. ಹೆಂಡತಿ ಚೀಲದ ಬಾಯಿ ಬಿಚ್ಚಿದ್ದೇ ತಡ, ಹುಳಿಯಾದ, ಬೆಚ್ಚಗಿನ, ಸ್ವಲ್ಪ ಸೆರೆ-ಹೆಂಡದ ಕಡೆಗೆ ವಾಲಿದ ಒಂದು ವಾಸನೆ ಪಡಸಾಲೆಯ ತುಂಬ ಹಬ್ಬಿತು. ಆಕೆ ಮೂಗಿಗೆ ಸೆರಗು ಹಿಡಿದು, ಬಿಸಿಲಿಗೆ ಹಾಕಿ ದನಕ್ಕಾದರೂ ಕೊಡೋಣವೇ ಎಂದು ಕೇಳಿದಳು. ಯಾರಿಗೂ ಬೇಡ, ಊರ ಹೊರಗೆ ಚೆಲ್ಲಿ ಬರುತ್ತೇನೆ ಎಂದೆ. ಹೇಳಿದ ರೀತಿ ಒರಟಾಗಿತ್ತೆಂದು ಕಾಣುತ್ತದೆ. ಆಕೆ ನನ್ನ ಮುಖ ನೋಡಿ ಚೀಲದ ಬಾಯಿ ಕಟ್ಟಿದಳು.

ನಾನೀಗ ಆಳಂದದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಪಾತ್ರೆ ಮುಚ್ಚಿ ಅದು ಆರುವುದನ್ನು ತೋರಿಸುವ ಪಾಠ ವರ್ಷಕ್ಕೊಮ್ಮೆ ಬರುತ್ತದೆ. ಅದೊಂದು ಪಾಠವನ್ನು ಜೊತೆಯ ಮಾಸ್ತರರಿಗೆ ದಾಟಿಸಿ, ಬದಲಿಗೆ ಅವರ ಎರಡು ಪಾಠ ಮಾಡಿಕೊಡುತ್ತೇನೆ. ಸೋಮಾರಿಗಳಾದ ಅವರಿಗೆ ಇದು ಲಾಭದ ವ್ಯಾಪಾರ, ಹಾಗಾಗಿ ಕಾರಣ ಕೇಳಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಒಂಬತ್ತು ವರ್ಷ ಯಾರಿಗೂ ಹೇಳದೆ ಇರುವುದು ರೂಢಿಯಾಗಿಬಿಟ್ಟಿತ್ತು.

ಮಣ್ಣುವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ನರೋಣಾದ ಮನೆಯಲ್ಲಿ ಕೂತು ಅಪ್ಪನ ಮುಖ ತಪ್ಪಿಸುತ್ತಿದ್ದ ಕಾಲ ಅದು. ಒಂದು ವರ್ಷದ ಸಂಶೋಧನಾ ಯೋಜನೆಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಯಾವ ಸಂಸ್ಥೆ, ಮೇಲೆ ಕೂತಿದ್ದ ಸರ್ ಯಾರು ಎಂದು ಬರೆಯುವುದಿಲ್ಲ. ಇನ್ನೊಬ್ಬರನ್ನು ಬಯಲಿಗೆಳೆದು ನಾನು ಹಿಂದೆ ನಿಲ್ಲುವ ಬುದ್ಧಿ ನನಗೆ ಚೆನ್ನಾಗಿ ಗೊತ್ತಿದೆ, ಅದನ್ನು ಇನ್ನೊಮ್ಮೆ ಮಾಡಲು ಮನಸ್ಸಿಲ್ಲ.

ಯೋಜನೆ ಹಗೇವಿನದು. ನಮ್ಮ ಕಡೆಯವರಿಗೆ ಹಗೇವು ಹೊಸದಲ್ಲ. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ತೆಳ್ಳನೆಯ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಕೋಣೆಯಷ್ಟು. ಒಳಗೆ ಜೋಳದ ದಂಟಿನ ಕಣಿಕೆ, ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಬಡಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಸಾಯುತ್ತವೆ. ಆದರೆ ಅದೇ ಗಾಳಿ ಇಳಿದ ಮನುಷ್ಯನನ್ನೂ ಬಿಡುವುದಿಲ್ಲ. ಈಗ ಹಗೇವು ತುಂಬುವವರು ಕಡಿಮೆ. ಸರ್ ಅವರಿಗೆ ಅದನ್ನು ಮತ್ತೆ ಚಾಲ್ತಿಗೆ ತರುವ ಹುಕಿ ಬಂದಿತ್ತು. ಒಳಗಿನ ಗಾಳಿ ಸುತ್ತಲಿನ ಮಣ್ಣಿನಲ್ಲಿ ಎಷ್ಟು ವೇಗದಲ್ಲಿ ಹಾಯುತ್ತದೆ ಎಂಬುದನ್ನು ಮೊದಲೇ ಹೇಳಬೇಕು, ಬಾಯಿ ತೆರೆದ ಮೇಲೆ ಎಷ್ಟು ಗಂಟೆ ಕಾದು ಇಳಿಯಬೇಕು ಎಂದು ರೈತರಿಗೆ ಒಂದು ಕೋಷ್ಟಕ ಮಾಡಿಕೊಡಬೇಕು. ಕೆಲಸ ಇಷ್ಟೇ.

ಲೆಕ್ಕದ ಹಿಂದಿನ ಮಾತು ಸರಳ. ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ, ಗಾಳಿ ಆ ಸಂದುಗಳಲ್ಲಿ ನುಸುಳುತ್ತದೆ. ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಸಂದು ಕಡಿಮೆ. ಮಳೆಯಾದರೆ ಇದ್ದ ಸಂದುಗಳಲ್ಲೂ ನೀರು ಕೂರುತ್ತದೆ. ಆದ್ದರಿಂದ ಒಂದು ಅಳತೆಯ ಮಣ್ಣು ಎಷ್ಟು ತೂಗುತ್ತದೆ, ಅದರಲ್ಲಿ ನೀರೆಷ್ಟು ಎಂಬುದು ತಿಳಿದರೆ ಗಾಳಿಯ ನಡಿಗೆಯನ್ನು ಊಹಿಸಬಹುದು. ಇದರಲ್ಲಿ ಸುಳ್ಳೇನೂ ಇಲ್ಲ. ಈಗಲೂ ನಾನು ಇದನ್ನು ನಂಬುತ್ತೇನೆ.

ಸಂಕ್ರಾಂತಿ ಮುಗಿದದ್ದೇ ಮಣ್ಣು ಕೊರೆಯುವ ಉಕ್ಕಿನ ಉಂಗುರ, ಸುತ್ತಿಗೆ, ತಕ್ಕಡಿ ಹೊತ್ತು ಮೂರು ತಾಲೂಕು ಅಲೆದೆ. ನರೋಣಾದ ನಮ್ಮ ಮಡ್ಡಿ ನೆಲದಲ್ಲಿ ಮೊರಂ ಜಲ್ಲಿ ಜಾಸ್ತಿ, ಗಾಳಿ ಜರಡಿಯಲ್ಲಿ ಹಾಯ್ದಂತೆ ಹಾಯುತ್ತಿತ್ತು. ಅಫಜಲಪುರದ ಕಡೆ, ಗಾಣಗಾಪುರದಿಂದ ಸ್ವಲ್ಪ ದೂರದ ಭೀಮೆಯ ದಂಡೆಯಲ್ಲಿ ಮೆಕ್ಕಲು ಮಣ್ಣು. ದತ್ತನ ದರ್ಶನಕ್ಕೆ ಬಂದ ಮಂದಿ ನನ್ನ ಸುತ್ತ ನೆರೆದು, ಬೋರಿನ ನೀರು ಎಲ್ಲಿ ಬೀಳುತ್ತದೆ ಹೇಳಿ ಎಂದು ದುಂಬಾಲು ಬೀಳುತ್ತಿದ್ದರು. ನಾನು ಗಾಳಿ ನೋಡುವವನು ಎಂದರೆ ಅವರಿಗೆ ನಗು. ಮೂರನೆಯದು ಜೇವರ್ಗಿ ತಾಲೂಕಿನ ಕೊಳಕೂರ. ಎರೆ ಭೂಮಿ. ಬೇಸಿಗೆಯಲ್ಲಿ ಮುಂಗೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಜೇವರ್ಗಿಯಲ್ಲಿ ಕೋಣೆ ಹಿಡಿದು ದಿನಾ ಬಸ್ಸಿಗೆ ಕೊಳಕೂರಿಗೆ ಹೋಗಿಬರುತ್ತಿದ್ದೆ.

ಅಲ್ಲಿ ಶಿವಶರಣಪ್ಪ ಸಾಹುಕಾರರ ಮನೆಯ ಹಿಂದಿನ ಎತ್ತರದ ಜಾಗದಲ್ಲಿ ಎರಡು ಹಳೆಯ ಹಗೇವುಗಳಿದ್ದವು, ಒಂದಕ್ಕೊಂದು ಏಳೆಂಟು ಹೆಜ್ಜೆ ದೂರ. ಸಾಹುಕಾರರು ದೊಡ್ಡ ಜಮೀನಿನವರು, ಮಾತು ಮೆತ್ತಗೆ, ಯಾರು ಹೋದರೂ ಚಹಾ ಕೊಡದೆ ಕಳಿಸುವವರಲ್ಲ. ನಮ್ಮ ಪ್ರಯೋಗಕ್ಕೆ ಎರಡನ್ನೂ ಬಿಟ್ಟುಕೊಟ್ಟರು. ಯುಗಾದಿಯ ಹೊತ್ತಿಗೆ ಒಂದನ್ನು ಅವರದೇ ಹೊಸ ಜೋಳದಿಂದ ತುಂಬಿಸಿದೆವು. ಇನ್ನೊಂದು ಖಾಲಿ ಉಳಿಯಿತು.

ತುಂಬುವವರು, ಇಳಿಯುವವರು ಲಾಲಸಾಬ ಕಾಕಾ. ಅರವತ್ತರ ಆಜುಬಾಜು, ಹಗೇವಿನ ಬಾಯಿಯ ಅಳತೆಗೇ ಮಾಡಿದಂಥ ಹೆಗಲು. ಸುತ್ತಲಿನ ಹಳ್ಳಿಗಳಲ್ಲಿ ಹಗೇವು ತೆರೆಯುವುದಿದ್ದರೆ ಇವರಿಗೇ ಹೇಳಿಕಳಿಸುತ್ತಿದ್ದರು. ನಾನು ಉಂಗುರದಲ್ಲಿ ಕೊರೆದ ಮಣ್ಣನ್ನು ಪುಟ್ಟ ತಕ್ಕಡಿಯಲ್ಲಿ ತೂಗುವುದನ್ನು ನೋಡಿ, ಅಕ್ಕಸಾಲಿಗನಾಗಬೇಕಾಗಿದ್ದವನು ದಾರಿ ತಪ್ಪಿ ಮಣ್ಣಿಗೆ ಬಂದೆ ಎಂದು ಕಾಡುತ್ತಿದ್ದರು. ಮಧ್ಯಾಹ್ನ ಅವರ ಹೆಂಡತಿ ಮಾಲನಬಿ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ ತರುತ್ತಿದ್ದರು. ಗಂಡನಿಗೆ ಬೈಯುತ್ತಲೇ ಬರುವುದು, ಬೈಯುತ್ತಲೇ ಬಡಿಸುವುದು, ನನಗೆ ಮಾತ್ರ ಇನ್ನರ್ಧ ರೊಟ್ಟಿ ಹೆಚ್ಚು. ಆ ಆರು ತಿಂಗಳು ನಾನು ಉಂಡದ್ದು ಅವರ ಮನೆಯ ಅನ್ನ ಎಂದೇ ಹೇಳಬೇಕು.

ಕಾಕಾನಿಗೆ ಓದು ಬರಹ ಇಲ್ಲ. ಆದರೆ ನಾನು ನಾಲ್ಕು ಪುಸ್ತಕ ತಿರುವಿ ತಿಳಿದದ್ದನ್ನು ಅವರು ಒಂದು ದಿನ ರೊಟ್ಟಿ ಮುರಿಯುತ್ತ ಹೇಳಿದರು.

“ಕಾಳು ಸತ್ತಿಲ್ರಿ ಸಾಹೇಬ್ರ. ಕತ್ತಲದಾಗ ಕುಂತು ಉಸಿರಾಡ್ತದ. ನಾವು ಅದರ ಮನಿಗೆ ಹೋಗೋ ಮುಂದ ಅದರ ಉಸಿರು ಹೊರಗ ಬಿಡಬೇಕು.”

ಅವರ ಪದ್ಧತಿ ಹೀಗಿತ್ತು. ತುಂಬಿದ ಹಗೇವಿನ ಬಾಯಿ ತೆರೆದು ಒಂದು ದಿನ ಹಾಗೇ ಬಿಡುವುದು. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು. ಉರಿದರೆ ಇಳಿಯುವುದು, ಆರಿದರೆ ಕಂಬಳಿಯಿಂದ ಗಾಳಿ ಬೀಸಿ ಮತ್ತೆ ಬಿಟ್ಟು ನೋಡುವುದು. ಖಾಲಿ ಹಗೇವಿಗೆ ಮಾತ್ರ ಯಾರೂ ಕಂದೀಲು ಬಿಡುತ್ತಿರಲಿಲ್ಲ. ಕಾಳೇ ಇಲ್ಲದ ಮೇಲೆ ಉಸಿರಾಡುವವರು ಯಾರು? ಹಿರಿಯರಿಂದ ಬಂದ ಮಾತು ಅದು. ಸರ್ ಅದನ್ನು ಕೇಳಿ ಖುಷಿಯಾಗಿ, ವಿಜ್ಞಾನಕ್ಕೂ ಇದೇ ಒಪ್ಪಿಗೆ ಎಂದು ಕೋಷ್ಟಕದ ಕೊನೆಯ ಸಾಲು ಬರೆಸಿದರು. ಖಾಲಿ ಹಗೇವು: ಕಾಯಬೇಕಾಗಿಲ್ಲ. ಬರೆದ ಕೈ ನನ್ನದು.

ಬೇಸಿಗೆ ನಮ್ಮ ಲೆಕ್ಕದ ಜೊತೆ ಹೊಂದಿಕೊಂಡು ಹೋಯಿತು. ತುಂಬಿದ ಹಗೇವಿನ ಸುತ್ತ ನೆಲಕ್ಕೆ ಕೊಳವೆಗಳನ್ನು ಬಡಿದಿದ್ದೆವು. ವಾರಕ್ಕೆರಡು ಸಲ ಸಿರಿಂಜಿನಿಂದ ಒಳಗಿನ ಗಾಳಿ ಎಳೆದು ಯಂತ್ರಕ್ಕೆ ಕೊಟ್ಟು ಬರೆದುಕೊಳ್ಳುವುದು ನನ್ನ ಕೆಲಸ. ಅಂಕಿಗಳು ಸರ್ ಎಳೆದ ಗೆರೆಯ ಮೇಲೆಯೇ ಕೂರುತ್ತಿದ್ದವು. ಫೋನಿನಲ್ಲಿ ಅವರು ಭೇಷ್ ಎನ್ನುತ್ತಿದ್ದರು. ಮನೆಗೆ ಹೋದಾಗ ಅಪ್ಪನೂ ಮಾತಾಡಿಸತೊಡಗಿದ್ದ. ಬಿಸಿಲಿಗೆ ತಲೆ ಸುಡುತ್ತಿದ್ದರೂ ನನ್ನ ಜೀವನದಲ್ಲಿ ಅಷ್ಟು ಹಗುರಾಗಿ ಓಡಾಡಿದ ದಿನಗಳು ಬೇರೆ ಇಲ್ಲ.

ಜೂನಿಗೆ ಮಿರಗದ ಮಳೆ ಹಿಡಿಯಿತು. ಎರಡೇ ದಿನದಲ್ಲಿ ಬಿರುಕೆಲ್ಲ ಮುಚ್ಚಿ, ನೆಲ ಹಸಿ ಹಿಟ್ಟಿನಂತಾಯಿತು. ಬಸ್ಸಿನಿಂದ ಇಳಿದು ಹಗೇವಿನ ತನಕ ಹೋಗುವಷ್ಟರಲ್ಲಿ ಚಪ್ಪಲಿಗೆ ಎರಡು ಸೇರು ಮಣ್ಣು. ತುಂಬಿದ ಹಗೇವಿಗೆ ಎಲ್ಲಿಂದಲೋ ನೀರು ಇಳಿದಿದೆ ಎಂಬುದು ವಾಸನೆಯಿಂದಲೇ ತಿಳಿಯುತ್ತಿತ್ತು. ಕಾಳು ತೊಯ್ದು ಹುಳಿ ಬರುತ್ತಿತ್ತು, ಅಂದರೆ ಗಾಳಿ ಮೊದಲಿಗಿಂತ ಎಷ್ಟೋ ಪಟ್ಟು ಹುಟ್ಟುತ್ತಿತ್ತು. ನೆಲದ ಮೇಲ್ಭಾಗ ಮುಚ್ಚಿಕೊಂಡಿದೆ, ಗಾಳಿ ಮೇಲೆ ಬರಲಾರದು, ಹಗೇವಿನಲ್ಲೇ ಉಳಿಯುತ್ತದೆ ಎಂದು ನಮ್ಮ ಲೆಕ್ಕ ಹೇಳಿತು. ಕೊಳವೆಗಳೂ ಹಾಗೇ ಹೇಳಿದವು, ಒಂದನ್ನು ಬಿಟ್ಟು. ಎರಡು ಹಗೇವುಗಳ ನಡುವೆ ಬಡಿದಿದ್ದ ಕೊಳವೆಯಲ್ಲಿ ಅಂಕಿ ಏರಿತು. ಮುಂದಿನ ಸಲ ಇನ್ನೂ ಏರಿತು. ಮೂರನೆಯ ಸಲ ಯಂತ್ರ ಕೆಟ್ಟಿದೆ ಎಂದು ತಿಳಿದು ಎರಡು ಬಾರಿ ಎಳೆದು ನೋಡಿದೆ. ಯಂತ್ರ ಸರಿಯಾಗಿತ್ತು.

ಕಾಕಾನನ್ನು ಕೇಳಿದೆ. ಅವರು ಕೊಡೆ ಹಿಡಿದು ನಿಂತು ಆ ಜಾಗವನ್ನು ನೋಡಿದರು. ಅವರ ತಂದೆಯ ಕಾಲಕ್ಕೆ ಆ ಎರಡರ ನಡುವೆ ಇನ್ನೊಂದು ಸಣ್ಣ ಹಗೇವು ಇತ್ತಂತೆ. ಅದು ಕುಸಿದ ಮೇಲೆ ಒಲೆಯ ಬೂದಿ, ಕಸ, ಹಳೆಯ ಗೋಡೆಯ ಮಣ್ಣು ಹಾಕಿ ತುಂಬಿದ್ದರಂತೆ. ಅಂದರೆ ಮೇಲೆ ಒಂದು ಮೊಳ ಗಟ್ಟಿ ಎರೆ, ಕೆಳಗೆಲ್ಲ ಸಡಿಲು ಪೊಳ್ಳು. ನನಗೆ ತಟ್ಟನೆ ಅರ್ಥವಾಯಿತು. ಮೇಲಿನ ಬಾಗಿಲು ಮಳೆ ಮುಚ್ಚಿದೆ, ಗಾಳಿ ಪಕ್ಕಕ್ಕೆ ಹೊರಟಿದೆ. ಪಕ್ಕದಲ್ಲಿರುವುದು ಖಾಲಿ ಹಗೇವು. ಅದಕ್ಕೂ ಮಳೆಯ ನೀರು ಬೀಳದಂತೆ ಕಲ್ಲು ಮುಚ್ಚಿದ್ದರು.

ಆ ದಿನವೇ ಸರ್‌ಗೆ ಫೋನು ಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು, ಅದೇ ನನಗೆ ಈಗಲೂ ಕೆಡುಕೆನಿಸುವುದು. ಸಿಟ್ಟು ಮಾಡಿದ್ದರೆ ನಾನೂ ಮೊಂಡು ಬೀಳುತ್ತಿದ್ದೆನೇನೋ. ನಮ್ಮ ಮಾದರಿಯಲ್ಲಿ ಗಾಳಿಗೆ ಮೇಲೆ, ಕೆಳಗೆ ಎರಡೇ ದಿಕ್ಕು, ಅಡ್ಡ ದಿಕ್ಕು ಇಲ್ಲ, ಅದನ್ನು ಸೇರಿಸಿದರೆ ವರ್ಷದ ಕೆಲಸ ಮೊದಲಿಂದ ಮಾಡಬೇಕು ಎಂದರು. ಕೊಳವೆಯ ಬುಡ ಸೋರುತ್ತಿರಬೇಕು, ಆ ಮೂರು ಅಂಕಿ ಹೊಡೆದುಹಾಕು, ವರದಿ ಸ್ವಚ್ಛವಾಗಿರಲಿ ಎಂದರು. ನಾನು ಕೆಂಪು ಪೆನ್ನಿನಿಂದ ಮೂರರ ಮೇಲೂ ಗೆರೆ ಎಳೆದು, ಪಕ್ಕದಲ್ಲಿ ‘ಕೊಳವೆ ಸೋರಿಕೆ’ ಎಂದು ಬರೆದೆ. ಕೊಳವೆ ಸೋರುತ್ತಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಮುಂದಿನ ವರ್ಷಕ್ಕೂ ನನ್ನನ್ನೇ ಇಟ್ಟುಕೊಳ್ಳುತ್ತೇನೆ ಎಂದು ಸರ್ ಹಿಂದಿನ ವಾರವಷ್ಟೇ ಹೇಳಿದ್ದರು.

ಶ್ರಾವಣ ಬಂತು. ತೊಯ್ದ ಜೋಳದಲ್ಲಿ ಒಳ್ಳೆಯದಿದ್ದಷ್ಟನ್ನು ತೆಗೆದು ಖಾಲಿ ಹಗೇವಿಗೆ ಸಾಗಿಸೋಣ ಎಂದು ಸಾಹುಕಾರರು ಹೇಳಿದರು. ಅದಕ್ಕೆ ಮೊದಲು ಖಾಲಿಯದರಲ್ಲಿ ಇಳಿದು, ಗುಡಿಸಿ, ಕಣಿಕೆ ಹಾಸಬೇಕು. ಅದರ ಫೋಟೊ ವರದಿಗೆ ಬೇಕು ಎಂದು ಸರ್ ಸ್ವತಃ ಜೀಪಿನಲ್ಲಿ ಬಂದರು. ಮಧ್ಯಾಹ್ನ ಅವರಿಗೆ ಕಲಬುರಗಿಯಲ್ಲಿ ಸಭೆ ಇತ್ತು. ಗಡಿಬಿಡಿ ಮಾಡುತ್ತ ಜೀಪಿನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರು. ಸಾಹುಕಾರರ ಇಬ್ಬರು ಆಳುಗಳು ಕಲ್ಲು ಸರಿಸಿ, ಕಣಿಕೆಯ ಹೊರೆ ತರಲು ಕಣಕ್ಕೆ ಹೋದರು. ಹಗೇವಿನ ಬಾಯಿಯ ಹತ್ತಿರ ನಾನು ಮತ್ತು ಕಾಕಾ ಇಬ್ಬರೇ.

ಕಾಕಾ ಕುಕ್ಕರಗಾಲಿನಲ್ಲಿ ಕೂತು ಒಳಗೆ ಮೂಗು ಹಾಕಿದರು. ಎದ್ದು ಕಂದೀಲಿನ ಗಾಜು ಒರೆಸಿದರು. ತುಂಬಿದ ಹಗೇವಿಗೆಂದು ಮನೆಯಿಂದ ತಂದಿದ್ದ ಕಂದೀಲು ಅದು.

“ಖಾಲಿ ಹಗೇವ ಹುಳಿ ವಾಸನಿ ಹೊಡ್ಯಾಕತ್ತದ ಸಾಹೇಬ್ರ,” ಎಂದರು. “ಹಿಂಗ ಯಾವತ್ತೂ ಆಗಿಲ್ಲ. ಜರಾ ಇದನ್ನ ಹಚ್ಚಿ ಬಿಟ್ಟು ನೋಡ್ಲೇನ್ರಿ? ನಿಮ್ಮ ಕಾಗದ ಏನ್ ಹೇಳ್ತದ?”

ಜೀಪಿನ ಕಡೆಯಿಂದ ಸರ್ ಕೈಗಡಿಯಾರ ತೋರಿಸಿ ಬೆರಳು ಆಡಿಸಿದರು. ಆ ಮೂರು ಕೆಂಪು ಗೆರೆ ಕಣ್ಣಿಗೆ ಬಂದದ್ದು ನಿಜ. ಕಂದೀಲು ಬಿಟ್ಟು ಅದು ಆರಿದರೆ, ಸರ್ ಎದುರಿಗೇ ಕೋಷ್ಟಕ ಸುಳ್ಳಾಗುತ್ತದೆ, ನಾನು ಹೊಡೆದುಹಾಕಿದ ಅಂಕಿಗಳು ಖರೆ ಆಗುತ್ತವೆ. ಇಷ್ಟನ್ನೂ ಆ ಒಂದು ಗಳಿಗೆಯಲ್ಲಿ ಯೋಚಿಸಿದೆ. ಯೋಚಿಸದೆ ಆಡಿದ ಮಾತು ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

“ಖಾಲೀದಕ್ಕ ಕಾಯೋದು ಬ್ಯಾಡ ಅಂತದ ರೀ ಕಾಕಾ,” ಎಂದೆ. “ಇಳೀರಿ.”

ಅವರು ಕಂದೀಲನ್ನು ಬಾಯಿಯ ಪಕ್ಕದ ಕಲ್ಲಿನ ಮೇಲಿಟ್ಟು, ಟೋಪಿ ತೆಗೆದು ಅದರ ಮೇಲೆ ಹಾಕಿ, ಹಗ್ಗ ಹಿಡಿದು ಇಳಿದರು. ಪೊರಕೆಯ ಸದ್ದು ಎರಡು ಸಲ ಕೇಳಿತು. ಮೂರನೆಯ ಸಲ ಕೇಳಲಿಲ್ಲ. ಕರೆದೆ. ಒಳಗಿನಿಂದ ಗೊರಕೆಯಂಥ ಒಂದು ಸದ್ದು ಬಂದು ನಿಂತಿತು.

ನನ್ನ ಕೂಗಿಗೆ ಆಳುಗಳು ಹೊರೆ ಬಿಸಾಕಿ ಓಡಿಬಂದರು. ಒಬ್ಬ ಆಗಲೇ ಕಾಲು ಇಳಿಬಿಟ್ಟಿದ್ದ. ಅವನ ಅಂಗಿ ಹಿಡಿದು ಎಳೆದು ಕೆಡವಿದೆ. ಇನ್ನೊಬ್ಬನಿಗೆ ಅಡ್ಡ ಬಿದ್ದೆ. ಯಾರೂ ಇಳಿಯಬೇಡಿ, ಒಳಗೆ ಕೆಟ್ಟ ಗಾಳಿ ತುಂಬಿದೆ ಎಂದು ಅರಚಿದೆ. ಕಂಬಳಿ ತಂದು ಬೀಸಿದೆವು. ಹಗ್ಗಕ್ಕೆ ಬಾವಿಯ ಕೊಕ್ಕೆ ಕಟ್ಟಿ, ಅವರ ಧೋತರಕ್ಕೆ ಸಿಕ್ಕಿಸಿ ಮೇಲೆಳೆಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಮೈ ಬೆಚ್ಚಗೇ ಇತ್ತು. ಎದೆ ಒತ್ತಿದೆ, ಬಾಯಿಗೆ ಬಾಯಿ ಹಚ್ಚಿ ಊದಿದೆ. ಊರು ಸೇರಿತು. ಸಾಹುಕಾರರು ಬಂದವರೇ ನನ್ನ ಭುಜ ಹಿಡಿದು, ನೀವಿಲ್ಲದಿದ್ದರೆ ಇನ್ನೂ ಎರಡು ಹೆಣ ಬೀಳುತ್ತಿದ್ದವು ಎಂದರು. ಒಳಗೆ ಕೆಟ್ಟ ಗಾಳಿ ಇದೆ ಎಂದು ನನಗೆ ಅಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಆ ದೊಡ್ಡ ಗುಂಪಿನಲ್ಲಿ ಒಬ್ಬನೂ ಕೇಳಲಿಲ್ಲ.

ಮಾಲನಬಿ ಬಂದರು. ಅಳುವುದಕ್ಕಿಂತ ಮೊದಲು ಅವರು ಟೋಪಿ ಎತ್ತಿ ಕಂದೀಲನ್ನು ನೋಡಿದರು. ಬತ್ತಿ ಮುಟ್ಟಿ ನೋಡಿದರು.

“ಎಣ್ಣಿ ನಾನೇ ಹಾಕಿ ಕೊಟ್ಟೇನಿ,” ಎಂದರು. “ಹಚ್ಚಲಿಲ್ಲ ಯಾಕ? ನೀವು ಇಲ್ಲೇ ಇದ್ರಲ್ಲ ಸಾಹೇಬ್ರ. ಆತ ಕೇಳಲಿಲ್ಲೇನು?”

ನಾನು ನೆಲ ನೋಡಿದೆ. ಆ ಗದ್ದಲದಲ್ಲಿ ನನಗೆ ಅವರ ಮಾತು ಕೇಳಿಸಲಿಲ್ಲ ಎಂದು ಬೇರೆಯವರು ತಿಳಿದಿರಬಹುದು. ಮಾಲನಬಿ ಹಾಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಲಿಲ್ಲ, ಅಷ್ಟೇ.

ಪೊಲೀಸರು ಬರುವ ಮೊದಲೇ ಸರ್ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಹೇಳಿಕೆ ಬರೆದರು. ಇಳಿಯುವ ಮೊದಲು ದೀಪ ಬಿಟ್ಟು ನೋಡಬೇಕೆಂದು ಸಿಬ್ಬಂದಿ ಸೂಚಿಸಿದ್ದರೂ ಮೃತರು ಅದನ್ನು ಪಾಲಿಸಲಿಲ್ಲ ಎಂದಿತ್ತು. ನಾನು ಅವರ ಮುಖ ನೋಡಿದೆ. ಕೆಟ್ಟ ಮನುಷ್ಯನ ಮುಖವೇನೂ ಆಗಿರಲಿಲ್ಲ ಅದು. ಇಬ್ಬರೂ ಜೈಲಿಗೆ ಹೋಗಬೇಕಾಗುತ್ತದೆ, ಸತ್ತವರು ತಿರುಗಿ ಬರುವುದಿಲ್ಲ, ನಿನ್ನ ಮುಂದೆ ಇಡೀ ಬದುಕು ಇದೆ ಎಂದರು. ನಾನು ಸಹಿ ಮಾಡಿದೆ. ಪೆನ್ನು ಕೂಡ ನನ್ನದೇ.

ಆ ಹೇಳಿಕೆಯನ್ನು ಊರಿಗೆ ಯಾರೂ ಡಂಗುರ ಹೊಡೆದು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಪಂಚನಾಮೆಗೆ ಕೂತ ಐದು ಜನರ ಬಾಯಿ ಸಾಕು. ಸಾಹೇಬರು ಕಂದೀಲು ಬಿಡು ಎಂದರಂತೆ, ಲಾಲಸಾಬ ಕೇಳಲಿಲ್ಲವಂತೆ, ಮೂವತ್ತು ವರ್ಷದ ಕಸಬಿನ ಸೊಕ್ಕಂತೆ. ನಾನು ಯೋಜನೆಯ ಅವಧಿ ಮುಗಿಯುವ ಮೊದಲೇ ಕೆಲಸ ಬಿಟ್ಟು ಬಿ.ಎಡ್. ಸೇರಿದೆ. ಅದನ್ನು ಪಶ್ಚಾತ್ತಾಪ ಎಂದು ನನಗೆ ನಾನೇ ಹೇಳಿಕೊಂಡು ಕೆಲವು ವರ್ಷ ಆರಾಮಾಗಿದ್ದೆ. ವರದಿ ಅಚ್ಚಾದ ಮೇಲೆ ನನಗೂ ಒಂದು ಪ್ರತಿ ಬಂತು. ಕೊಳಕೂರಿನ ಗೆರೆ ನೀಟಾಗಿ, ಒಂದು ಚುಕ್ಕೆಯೂ ಆಚೀಚೆ ಇಲ್ಲದೆ ಬಂದಿತ್ತು.

ಜೋಳ ಚೆಲ್ಲಿ ಬಂದ ಮರು ಭಾನುವಾರ ನಾನು ಕೊಳಕೂರಿಗೆ ಹೋದೆ. ಹೆಂಡತಿಗೆ ಹಳೆಯ ಗೆಳೆಯನ ಮನೆ ಎಂದು ಹೇಳಿದೆ. ಬಸ್ಸಿನುದ್ದಕ್ಕೂ ತೊಗರಿಯ ಹೊಲ ಹಸಿರಾಗಿತ್ತು, ನನಗೆ ಅದನ್ನು ನೋಡುವ ಮನಸ್ಸಿರಲಿಲ್ಲ. ಹಗೇವಿನ ಜಾಗ ಸಪಾಟಾಗಿ, ಮೇಲೆ ಸಾಹುಕಾರರ ಟ್ರ್ಯಾಕ್ಟರ್ ಶೆಡ್ಡು ಎದ್ದಿತ್ತು. ಮಾಲನಬಿ ತಮ್ಮ ಅದೇ ಹಳೆಯ ಮನೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತಿದ್ದರು. ತಲೆಯೆತ್ತಿ ನೋಡಿ, ಗುರುತು ಹಿಡಿದು, ಕೂರಲು ಮಣೆ ತೋರಿಸಿದರು. ಊಟ ಆಯಿತೇ ಎಂದು ಕೇಳಲಿಲ್ಲ.

ಎಲ್ಲ ಹೇಳಿದೆ. ನಡುವಿನ ಕೊಳವೆ, ಕೆಂಪು ಗೆರೆ, ಅವರು ಕಂದೀಲು ಒರೆಸಿದ್ದು, ಕೇಳಿದ್ದು, ನಾನು ಇಳೀರಿ ಎಂದದ್ದು, ಕೊನೆಗೆ ಆ ಸಹಿ. ಹೇಳುವಾಗ ಅತ್ತೆ. ಅತ್ತದ್ದಕ್ಕೆ ನಾಚಿಕೆಯಾಯಿತು, ಏಕೆಂದರೆ ಅವರು ಅಳುತ್ತಿರಲಿಲ್ಲ. ಕೈ ಮಾತ್ರ ಮೊರದಲ್ಲಿ ನಿಂತಿತ್ತು.

“ನನಗ ಹೇಳಾಕ ಬಂದ್ರೇನು?” ಎಂದರು. “ನನಗ ಅವತ್ತೇ ಗೊತ್ತಾಗ್ಯದ. ಮೂವತ್ತು ವರ್ಷ ಆ ಕಂದೀಲಿಗಿ ಎಣ್ಣಿ ಹಾಕಿದಾಕಿ ನಾ. ಹುಳಿ ವಾಸನಿ ಹತ್ತಿದ ಮ್ಯಾಲ ಕೇಳಲಾರದ ಇಳಿಯೋ ಮನಷ್ಯಾ ಅಲ್ಲ ಆತ.”

ಆಮೇಲೆ ಊರಿನ ಮಾತು ಹೇಳಿದರು. ಹೆಲ್ಮೆಟ್ಟನ್ನು ಕೈಗೆ ಸಿಕ್ಕಿಸಿಕೊಂಡು ಗಾಡಿ ಓಡಿಸುವವನನ್ನು ನೋಡಿದರೆ ಕೊಳಕೂರಿನಲ್ಲಿ ‘ಲಾಲಸಾಬನ ಕಂದೀಲು’ ಎಂದು ನಗುತ್ತಾರಂತೆ. ಮಗಳನ್ನು ಕೊಟ್ಟ ಮನೆಯಲ್ಲಿ, ಜೇವರ್ಗಿಯಲ್ಲಿ, ಅಳಿಯನ ತಮ್ಮನೇ ಹಾಗೆ ನಕ್ಕನಂತೆ, ಅದು ಯಾವ ಲಾಲಸಾಬ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲವಂತೆ. ಮಗಳು ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತಳಂತೆ. ಇಷ್ಟು ಹೇಳಿ ಮಾಲನಬಿ ಮೊರ ಪಕ್ಕಕ್ಕಿಟ್ಟು, ಸೆರಗು ತಲೆಗೆ ಎಳೆದುಕೊಂಡು, ಚಪ್ಪಲಿ ಮೆಟ್ಟಿದರು.

“ಗೊತ್ತಿಲ್ಲದವರು ಕಟ್ಟಿ ಮ್ಯಾಲ ಕುಂತಾರ. ಬರ್ರಿ, ಅವರಿಗಿ ಹೇಳ್ರಿ.”

ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಆಕೆಗೆ ಹೇಳಿ, ಆಕೆ ಬೈದರೆ ಬೈಸಿಕೊಂಡು, ಹಗುರಾಗಿ ಸಂಜೆಯ ಬಸ್ಸು ಹಿಡಿಯುವುದು ನನ್ನ ಲೆಕ್ಕವಾಗಿತ್ತು. ಅವರು ಮುಂದೆ, ನಾನು ಹಿಂದೆ. ಬೇವಿನ ಗಿಡದ ಕಟ್ಟೆಯ ಮೇಲೆ ಐದಾರು ಜನ ಇದ್ದರು, ನಡುವೆ ಶಿವಶರಣಪ್ಪ ಸಾಹುಕಾರರು. ಮುದುಕರಾಗಿದ್ದರೂ ನನ್ನನ್ನು ಕಂಡು ಎದ್ದು ನಿಂತು ಕೈಹಿಡಿದು ಕೂರಿಸಿಕೊಂಡರು. ಮಾಲನಬಿ ಕಟ್ಟೆಯ ಕೆಳಗೆ, ಗಿಡದ ಬೇರಿನ ಮೇಲೆ ಕೂತರು.

ಮತ್ತೆ ಮೊದಲಿಂದ ಹೇಳಿದೆ. ಈ ಸಲ ಅಳಲಿಲ್ಲ. ಅಂಕಿಗಳ ಪುಸ್ತಕ ಚೀಲದಲ್ಲೇ ತಂದಿದ್ದೆ, ಕೆಂಪು ಗೆರೆಗಳ ಪುಟ ತೆಗೆದು ಸಾಹುಕಾರರ ತೊಡೆಯ ಮೇಲಿಟ್ಟೆ. ಲಾಲಸಾಬ ಕಾಕಾ ಕಂದೀಲು ಬಿಡುತ್ತೇನೆ ಎಂದರು, ನಾನು ಬೇಡ ಎಂದೆ, ಆ ಹೇಳಿಕೆ ಸುಳ್ಳು, ಅವರದು ಒಂದು ಕೂದಲಷ್ಟೂ ತಪ್ಪಿಲ್ಲ ಎಂದೆ. ಸಾಹುಕಾರರು ಕನ್ನಡಕ ಏರಿಸಿ ಪುಟವನ್ನು ಹಾಗೆ ಹೀಗೆ ತಿರುಗಿಸಿ ನೋಡಿದರು, ಮುಚ್ಚಿ, ಎರಡೂ ಕೈಯಿಂದ ನನಗೆ ವಾಪಸ್ಸು ಕೊಟ್ಟರು. ಅವರ ಕಣ್ಣು ತುಂಬಿತ್ತು.

“ನೋಡ್ರಿ ಎಂಥಾ ಮನಷ್ಯಾ,” ಎಂದು ಉಳಿದವರ ಕಡೆ ತಿರುಗಿದರು. “ಅವತ್ತ ನಮ್ಮ ಇಬ್ಬರು ಆಳುಗಳ ಜೀವ ಉಳಿಸಿದ್ರು. ಇವತ್ತ ಆ ಹೆಣ್ಣಮಗಳ ಮನಸ್ಸಿಗಿ ಸಮಾಧಾನ ಆಗಲಿ ಅಂತ ಇಷ್ಟು ದೂರ ಬಂದು, ಸತ್ತವನ ತಪ್ಪು ತಮ್ಮ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಾರ.”

ಹಾಗಲ್ಲ ಎಂದೆ. ಇದು ಖರೆ ಎಂದೆ. ಆಣೆ ಮಾಡಿದೆ. ಆಣೆ ಮಾಡಿದಷ್ಟೂ ಅವರ ಮುಖದಲ್ಲಿ ಗೌರವ ಹೆಚ್ಚಾಗುತ್ತ ಹೋಯಿತು. ಇರಲಿ ಬಿಡ್ರಿ ಸರ, ನಮಗ ತಿಳೀತದ ಎಂದು ಒಬ್ಬ ನನ್ನ ಮೊಣಕಾಲು ತಟ್ಟಿದ. ಮಾಲನಬಿ ಎದ್ದರು. ನನ್ನ ಕಡೆ ನೋಡಲಿಲ್ಲ, ಅವರ ಕಡೆಯೂ ನೋಡಲಿಲ್ಲ. ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು ಮನೆಯ ಕಡೆ ನಡೆದರು. ಸಾಹುಕಾರರು ಹೋಟೆಲಿನವನಿಗೆ ಚಹಾ ತರಲು ಕೂಗಿದರು, ನನಗೆಂದು ಸಕ್ಕರೆ ಜಾಸ್ತಿ ಹಾಕಿಸಿದರು. ಎಲ್ಲರೂ ನೋಡುತ್ತಿದ್ದರು. ನಾನು ಚಹಾ ಕುಡಿದೆ.